ಒಂಬತ್ತನೇ ಕಾಲಮ್ಮಿನ ಜನಾಂಗ

ಆ ನಮೂನೆಯನ್ನು ನಾನು ಮೊದಲ ಸಲ ಪೂರ್ತಿಯಾಗಿ ಓದಿದ್ದು ಹುಳಿಯಾರಿಗೆ ಹೋಗುವ ಬಸ್ಸಿನಲ್ಲಿ ಕೂತು. ಉದ್ದನೆಯ ಹಾಳೆ, ಹದಿನಾಲ್ಕು ಕಾಲಂ. ಮಗುವಿನ ಹೆಸರು, ವಯಸ್ಸು, ತರಗತಿ, ತಂದೆಯ ಕಸುಬು, ಹೀಗೆ ಮೊದಲ ಎಂಟಕ್ಕೆ ಮಗುವೋ ಮೇಷ್ಟ್ರೋ ಉತ್ತರ ಹೇಳಬೇಕು. ಹತ್ತರಿಂದ ಮುಂದಿನವು ನಮ್ಮ ಪರೀಕ್ಷೆಯ ಅಂಕಗಳಿಗೆ. ನಡುವೆ ಒಂಬತ್ತನೆಯದರ ತಲೆಬರಹ ‘ಜನಾಂಗ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ: ‘ಪರೀಕ್ಷಕರು ನೋಡಿ ತುಂಬುವುದು.’

ತೊಂಬತ್ತರ ದಶಕದ ಕೊನೆ ಅದು. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ ವರ್ಷವಾಗಿತ್ತು. ಹತ್ತು ವರ್ಷದ ಆಸುಪಾಸಿನ ಶಾಲಾ ಮಕ್ಕಳ ಬುದ್ಧಿಶಕ್ತಿಗೂ ಅವರ ಜನಾಂಗಕ್ಕೂ ಏನಾದರೂ ಸಂಬಂಧ ಇದೆಯೇ ಎಂದು ನೋಡುವ ದೊಡ್ಡ ಯೋಜನೆಯೊಂದನ್ನು ನನ್ನ ಮಾರ್ಗದರ್ಶಕರು ಕೈಗೆತ್ತಿಕೊಂಡಿದ್ದರು. ಅದರಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಭಾಗ ನನ್ನದು. ನನ್ನ ಜೊತೆಗೆ ಎಂ.ಎ.ಯಲ್ಲಿ ಸಹಪಾಠಿಯಾಗಿದ್ದ ತುರುವೇಕೆರೆಯ ಒಬ್ಬರು ಎರಡನೇ ಪರೀಕ್ಷಕರಾಗಿ ಬರುತ್ತಿದ್ದರು.

ಹೊರಡುವ ಮೊದಲು ಮಾರ್ಗದರ್ಶಕರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಇಡೀ ದಿನ ತರಬೇತಿ ಕೊಟ್ಟಿದ್ದರು. ಕಂದು ಬಣ್ಣದ ಛಾಯೆಗಳನ್ನು ಸಾಲಾಗಿ ಅಂಟಿಸಿದ ಒಂದು ಕಾರ್ಡು. ಮೂಗಿನ ಆಕಾರ, ಕೂದಲಿನ ಬಗೆ ಬರೆದ ಒಂದು ಹಾಳೆ. ಮೂರನ್ನೂ ಕೂಡಿಸಿ ಮಗುವನ್ನು ಒಂದು, ಎರಡು ಅಥವಾ ಮೂರನೇ ಗುಂಪಿಗೆ ಹಾಕಬೇಕು. ಭಾವಚಿತ್ರಗಳನ್ನು ತೋರಿಸಿ ಇಬ್ಬರಿಂದಲೂ ಬೇರೆ ಬೇರೆಯಾಗಿ ಬರೆಸಿದರು. ಸಂಜೆಯ ಹೊತ್ತಿಗೆ ನಮ್ಮಿಬ್ಬರ ಉತ್ತರಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಆಗಿದ್ದವು.

“ಸಾರ್, ಜನಾಂಗ ಅಂದ್ರೆ ಇಲ್ಲಿ ಜಾತಿನಾ?” ಎಂದು ನಾನು ಕೇಳಿದ್ದೆ.

“ಅಲ್ಲಮ್ಮ. ಜಾತಿ ಸಮಾಜ ಮಾಡಿದ್ದು. ನಮಗೆ ಬೇಕಾಗಿರೋದು ದೇಹ ಹೇಳೋದು. ರೇಸ್. ಅದಕ್ಕೇ ಯಾರನ್ನೂ ಕೇಳಬೇಡಿ ಅಂತಿರೋದು. ಕೇಳಿದ್ರೆ ಎಲ್ಲರೂ ಜಾತಿ ಹೇಳ್ತಾರೆ, ಇಲ್ಲದ ರಗಳೆ. ನೋಡಿ, ಬರೀರಿ.”

ಈಗ ಯೋಚಿಸಿದರೆ ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಜಾತಿ ಕೇಳಿ ಮಕ್ಕಳಿಗೆ ಮುಜುಗರ ಮಾಡಬಾರದು ಎಂಬುದು ಅವರ ನಿಜವಾದ ಕಾಳಜಿ. ನನಗೂ ಅದು ಸರಿ ಎನ್ನಿಸಿತ್ತು. ಅದೂ ಅಲ್ಲದೆ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಕೊಬ್ಬರಿಯನ್ನು ಕೈಯಲ್ಲಿ ಹಿಡಿದ ಕೂಡಲೇ ಅದರ ದರ್ಜೆ ಹೇಳುವವರ ನಡುವೆ ಬೆಳೆದ ನನಗೆ ಕಣ್ಣಂದಾಜಿನ ಮೇಲೆ ಬಹಳ ನಂಬಿಕೆ.

ನಾವು ಆರಿಸಿಕೊಂಡ ಶಾಲೆಗಳಲ್ಲಿ ಒಂದು ಹುಳಿಯಾರಿನಿಂದ ಬೋರನಕಣಿವೆ ಕಡೆಗೆ ಹೋಗುವ ದಾರಿಯಲ್ಲಿತ್ತು. ಅರ್ಧ ಮಕ್ಕಳು ತೆಂಗಿನ ತೋಟದ ಊರಿನವರು, ಅರ್ಧ ಮಕ್ಕಳು ಅಲ್ಲೇ ಪಕ್ಕದ ಹಟ್ಟಿಯವರು. ಹಟ್ಟಿಯ ಜನ ಕುರಿ ಸಾಕುವವರು. ಅವರ ಜಾತಿಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅದನ್ನು ಹೇಳುವುದು ಬಿಡುವುದು ಅವರಿಗೆ ಸೇರಿದ್ದು.

ಹೆಡ್‌ಮೇಷ್ಟ್ರು ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು. ಪರೀಕ್ಷೆಯ ಕ್ರಮ ಹೀಗೆ: ಕೆಂಪು-ಬಿಳಿ ಬಣ್ಣದ ಮರದ ತುಂಡುಗಳನ್ನು ಮಗುವಿನ ಮುಂದೆ ಇಡಬೇಕು. ಚಿತ್ರವಿರುವ ಕಾರ್ಡು ತೋರಿಸಿ, ಅದೇ ಥರ ಜೋಡಿಸು ಎನ್ನಬೇಕು. ಸ್ಟಾಪ್‌ವಾಚ್ ಒತ್ತಬೇಕು. ಬೇಗ ಮುಗಿಸಿದರೆ ಹೆಚ್ಚು ಅಂಕ, ಸಮಯ ಮೀರಿದರೆ ಸೊನ್ನೆ. ನಾಲ್ಕು ದಿನದಲ್ಲಿ ಐದನೇ ತರಗತಿಯ ಇಪ್ಪತ್ತಮೂರು ಮಕ್ಕಳನ್ನು ಮುಗಿಸಿದೆವು. ಕೆಲವರು ನನ್ನ ಪಾಲಿಗೆ, ಉಳಿದವರು ಸಹಪರೀಕ್ಷಕರ ಪಾಲಿಗೆ. ಮಗು ಒಳಗೆ ಬಂದು ಕುರ್ಚಿಯ ಮೇಲೆ ಕೂರುವಷ್ಟರಲ್ಲಿ ಒಂಬತ್ತನೇ ಕಾಲಂ ತುಂಬಿರುತ್ತಿತ್ತು. ಬಣ್ಣದ ಕಾರ್ಡನ್ನು ಕೆನ್ನೆಯ ಹತ್ತಿರ ಹಿಡಿದರೆ ಮುಗಿಯಿತು.

ಹಟ್ಟಿಯ ಮಕ್ಕಳು ನಿಧಾನ ಎನ್ನುವುದು ಎರಡನೇ ದಿನವೇ ಕಾಣಿಸಿತು. ಒಂದೊಂದು ತುಂಡು ಎತ್ತುವ ಮೊದಲೂ ನನ್ನ ಮುಖ ನೋಡುತ್ತಿದ್ದರು. “ಮುಟ್ಲಾ ಮಿಸ್?” ಎಂದು ಕೇಳುತ್ತಿದ್ದರು. ಸ್ಟಾಪ್‌ವಾಚ್ ಓಡುತ್ತಲೇ ಇರುತ್ತಿತ್ತು.

ಕೆಲಸ ಮುಗಿದ ದಿನ ಹೆಡ್‌ಮೇಷ್ಟ್ರು, “ಮೇಡಂ, ನಮ್ಮ ಮಕ್ಕಳ ರಿಸಲ್ಟ್ ನಮಗೂ ಒಂದು ಪ್ರತಿ ಕೊಡಿ” ಎಂದರು. ಕೋಣೆ ಬಿಟ್ಟುಕೊಟ್ಟವರಿಗೆ ಇಲ್ಲ ಎನ್ನುವುದು ಹೇಗೆ? ನಾನೇ ಅಲ್ಲಿ ಕೂತು ಪಟ್ಟಿ ಬರೆದುಕೊಟ್ಟೆ. ಹೆಸರು, ಜನಾಂಗದ ಗುಂಪು, ಅಂಕ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಕೆಳಗೆ ಒಂದು ಸಾಲು ಸೇರಿಸಿದೆ: ಮೂರನೇ ಗುಂಪಿನ ಸರಾಸರಿ ಉಳಿದೆರಡಕ್ಕಿಂತ ಕಡಿಮೆ. ಮಾರ್ಗದರ್ಶಕರಿಗೆ ಕಳಿಸುವ ವರದಿಯಲ್ಲಿ ಅದೇ ಮುಖ್ಯ ಸಾಲು. ಬರೆಯುವಾಗ ನನಗೆ ಹೆಮ್ಮೆಯೇ ಆಯಿತು. ಮೊದಲ ಶಾಲೆಯಲ್ಲೇ ಫಲಿತಾಂಶ ಸಿಕ್ಕಿತು ಎಂದುಕೊಂಡೆ.

ಮೂರು ವಾರ ಬಿಟ್ಟು ಎರಡನೇ ಸುತ್ತಿನ ಪರೀಕ್ಷೆಗೆ ಹೋದಾಗ ಶಾಲೆಯ ಗೇಟಿನ ಹತ್ತಿರ ಒಬ್ಬ ಹೆಂಗಸು ಕಾಯುತ್ತಿದ್ದರು. ನಲವತ್ತರ ಒಳಗಿನ ವಯಸ್ಸು, ಹೆಗಲ ಮೇಲೆ ಮಡಚಿದ ಕಂಬಳಿ. ಬಸ್ಸಿಳಿದ ನಮ್ಮನ್ನು ನೋಡಿ ನೇರವಾಗಿ ನನ್ನ ಬಳಿಗೇ ಬಂದರು.

“ಮಕ್ಕಳಿಗೆ ಜನಾಂಗ ಬರೆಯೋರು ನೀವೇ ಏನ್ರವ್ವ?”

“ನಾನೇ ಅಕ್ಕಾ. ಯಾಕೆ?”

“ನನ್ನ ದೊಡ್ಡ ಮಗ್ಳು ಮೂರ್ನೇ ಜನಾಂಗ ಅಂತೆ. ಚಿಕ್ಕೋಳು ಒಂದ್ನೇ ಜನಾಂಗ ಅಂತೆ. ಇಬ್ರೂ ನನ್ನ ಹೊಟ್ಟೇಲೇ ಹುಟ್ಟಿದೋರು. ಇಬ್ರಿಗೂ ಒಬ್ನೇ ಅಪ್ಪ. ಇದ್ರ ಅರ್ಥ ಏನು ಅಂತ ಹಟ್ಟಿ ಹೆಂಗುಸ್ರು ನನ್ನ ಕೇಳ್ತಾವ್ರೆ. ಏನಂತ ಹೇಳ್ಲಿ? ಬರೆದೋರು ನೀವು, ನೀವೇ ಹೇಳ್ಬುಡಿ.”

ನಮ್ಮ ಕಡೆ ಜನಾಂಗ ಎಂದರೆ ಎಲ್ಲರಿಗೂ ಅರ್ಥವಾಗುವುದು ಜಾತಿ ಎಂದೇ. ಪುಸ್ತಕದ ಜನಾಂಗ ಬೇರೆ, ಅದು ದೇಹದ್ದು ಎಂದು ನಾನು ಆ ತಾಯಿಗೆ ಹೇಗೆ ಹೇಳಲಿ? ಹೇಳಿದರೂ ಅವರ ಪ್ರಶ್ನೆ ಇನ್ನೂ ಹರಿತವಾಗುತ್ತಿತ್ತೇ ಹೊರತು ಮೊಂಡಾಗುತ್ತಿರಲಿಲ್ಲ. ದೇಹದ್ದೇ ಆದರೆ, ಒಬ್ಬಳೇ ತಾಯಿ, ಒಬ್ಬನೇ ತಂದೆಯ ಇಬ್ಬರು ಹೆಣ್ಣುಮಕ್ಕಳು ಎರಡು ಜನಾಂಗ ಆಗುವುದು ಹೇಗೆ?

ಸಹಪರೀಕ್ಷಕರು, “ಅದು ಬೇರೆ ಲೆಕ್ಕ ಕಣಮ್ಮ, ನಿಮಗೆ ಸಂಬಂಧ ಇಲ್ಲ” ಎಂದು ಸಮಾಧಾನ ಹೇಳಲು ಹೋದರು.

“ಸಂಬಂಧ ಇಲ್ದೆ? ಮೇಷ್ಟ್ರು ಎಲ್ರ ಮುಂದೆ ಓದಿದ್ರಂತೆ. ಮೂರ್ನೇ ಗುಂಪಿನೋರ್ಗೆ ಅರ್ಜಿ ಇಲ್ಲ ಅಂದ್ರಂತೆ. ನನ್ನ ದೊಡ್ಡೋಳು ಲೆಕ್ಕದಾಗೆ ಅವ್ಳ ತಂಗಿಗಿಂತ ಚುರುಕು. ಮನೇಗ್ ಬಂದು ಕಂಬಳಿ ಹೊದ್ಕಂಡು ಮಲಗಿದೋಳು ಎದ್ದೇ ಇಲ್ಲ.”

ನಾವು ಹೆಡ್‌ಮೇಷ್ಟ್ರ ಕೋಣೆಗೆ ಹೋದೆವು. ಅವರು ಗಲಿಬಿಲಿಯಾಗದೆ ವಿಷಯ ಹೇಳಿದರು. ಸರ್ಕಾರದ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಆ ಶಾಲೆಗೆ ಬಂದದ್ದು ಏಳೇ ಅರ್ಜಿ.

“ಯಾರಿಗೆ ಕೊಡ್ಲಿ ಮೇಡಂ? ಯಾರಿಗೆ ಕೊಟ್ರೂ ಇನ್ನೊಬ್ಬರು ಬಂದು ಜಗಳ ಆಡ್ತಾರೆ. ನಿಮ್ಮ ಪಟ್ಟಿ ಇತ್ತಲ್ಲ, ವಿಶ್ವವಿದ್ಯಾನಿಲಯದ್ದು. ಅದನ್ನ ನೋಡಿ ಹಂಚಿದೆ. ನಾನೇನು ನನಗೆ ಬೇಕಾದೋರಿಗೆ ಕೊಟ್ನಾ?”

“ಆದ್ರೆ ಸಾರ್, ಮಗುವಿನ ಅಂಕ ನೋಡ್ಬೇಕಿತ್ತಲ್ವಾ? ಗುಂಪು ಯಾಕೆ ನೋಡಿದ್ರಿ?”

ಅವರು ಡ್ರಾಯರ್ ಎಳೆದು ಪಟ್ಟಿ ತೆಗೆದು, ನನ್ನ ಕೈಬರಹದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ನೀವೇ ಬರೆದಿದ್ದೀರಲ್ಲ, ಮೂರನೇ ಗುಂಪು ಕಡಿಮೆ ಅಂತ.”

ಪಟ್ಟಿಯಲ್ಲಿ ದೊಡ್ಡ ಹುಡುಗಿಯ ಸಾಲನ್ನು ಹುಡುಕಿದೆ. ಗುಂಪು ಮೂರು, ನನ್ನದೇ ಬರಹ. ಅವಳ ಅಂಕ ಒಂದನೇ ಗುಂಪಿನ ಹಲವರಿಗಿಂತ ಹೆಚ್ಚಿತ್ತು. ತಂಗಿಗಿಂತಲೂ ಹೆಚ್ಚಿತ್ತು. ಅಷ್ಟು ಅಂಕ ತೆಗೆದ ಮಗುವನ್ನು ಅವಳ ಗುಂಪಿನ ಸರಾಸರಿ ಹೊರಗೆ ತಳ್ಳಿತ್ತು. ಆ ಗುಂಪಿಗೆ ಅವಳನ್ನು ಸೇರಿಸಿದವಳು ನಾನು, ಅವಳು ಬಾಗಿಲಿನಿಂದ ಕುರ್ಚಿಗೆ ಬರುವಷ್ಟು ಹೊತ್ತಿನಲ್ಲಿ.

ಅಕ್ಕ ತಂಗಿ ಇಬ್ಬರನ್ನೂ ಕರೆಸಿದೆವು. ಒಂದು ವರ್ಷದ ಅಂತರ, ಒಂದೇ ತರಗತಿ. ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ಮೂಗು, ಒಂದೇ ಹುಬ್ಬು. ದೊಡ್ಡವಳು ಮಾತ್ರ ಕಪ್ಪು, ಕೂದಲು ಕೆಂಚು.

“ಇವ್ಳನ್ನ ನಾನು ನೋಡಿದ್ದು ಸರಿಯಾಗೇ ಇದೆ ಕಣ್ರೀ,” ಎಂದರು ಸಹಪರೀಕ್ಷಕರು ಚಿಕ್ಕವಳನ್ನು ತೋರಿಸಿ, “ಕಾರ್ಡಿಗೆ ಹಿಡಿದೇ ಬರೆದಿರೋದು.”

“ನಾನೂ ಹಿಡಿದೇ ಬರೆದದ್ದು.”

ತಾಯಿ ನಮ್ಮಿಬ್ಬರನ್ನೂ ನೋಡಿ, ದೊಡ್ಡವಳ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಒಳತೋಳು ಹೊರಳಿಸಿದರು. “ಅವ್ರ ತಾತನ ಜೊತೆ ಕುರಿ ಹಿಂದೆ ಹೋಗಿದ್ಲು ಕಣ್ರವ್ವ, ಮೂರು ತಿಂಗ್ಳು. ಚಿಕ್ಕೋಳ್ಗೆ ಬಿಸ್ಲು ಆಗಲ್ಲ, ಮನೇಲೇ ಇದ್ಲು. ಇದ್ರಾಗೆ ಜನಾಂಗ ಎಲ್ಲಿಂದ ಬಂತು?”

ಒಳತೋಳಿಗೆ ಕಾರ್ಡು ಹಿಡಿದೆ. ತಂಗಿಯದಕ್ಕೂ ಹಿಡಿದೆ. ಒಂದೇ ಛಾಯೆ.

ಮಾರನೆಯ ದಿನವೇ ಹೋಗಿ ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದೆ. ಅವರು ಶಾಂತವಾಗಿ ಕೇಳಿ, ಸೂಚನೆಯ ಹಾಳೆಯನ್ನು ನನ್ನ ಮುಂದೆ ಇಟ್ಟರು.

“ಓದಿ. ಬಣ್ಣ ಎಲ್ಲಿ ನೋಡಬೇಕು ಅಂತಿದೆ?”

ಮೇಲ್ತೋಳಿನ ಒಳಭಾಗ ಎಂದಿತ್ತು. ಮಕ್ಕಳ ಅಂಗಿ, ರವಿಕೆಯ ತೋಳು ಸರಿಸಲು ಮುಜುಗರ, ಹೊತ್ತೂ ಹಿಡಿಯುತ್ತದೆ ಎಂದು ನಾವು ಕೆನ್ನೆಗೆ ಹಿಡಿದಿದ್ದೆವು.

“ತಪ್ಪು ಕಾರ್ಡಿಂದಲ್ಲ, ನಿಮ್ಮದು. ಮೂಗನ್ನೂ ಕಣ್ಣಲ್ಲಿ ನೋಡಿ ಬರೆದಿದ್ದೀರಿ. ಅಳತೆ ಕಡ್ಡಿ ತಗೊಂಡು ಹೋಗಿ. ಇಬ್ಬರೂ ಎಲ್ಲಾ ಮಕ್ಕಳನ್ನೂ ನೋಡಿ. ಒಬ್ಬರದು ಇನ್ನೊಬ್ಬರಿಗೆ ತೋರಿಸಬೇಡಿ. ಆಮೇಲೆ ಹೋಲಿಸಿ.”

ಅವರು ಹೇಳಿದ್ದು ಸರಿಯಾಗಿತ್ತು. ನಾಚಿಕೆಯ ಜೊತೆಗೆ ನನಗೆ ಒಂದು ಬಗೆಯ ಸಮಾಧಾನವೂ ಆಯಿತು. ಕ್ರಮ ತಪ್ಪಿದ್ದರಿಂದ ಹೀಗಾಗಿದೆ, ಕ್ರಮ ಸರಿಪಡಿಸಿದರೆ ಸರಿಹೋಗುತ್ತದೆ.

ಮತ್ತೆ ಹೆಡ್‌ಮೇಷ್ಟ್ರ ಕೋಣೆ ಕೇಳಲಿಲ್ಲ. ಆ ತಾಯಿಯನ್ನೇ ಕೇಳಿದೆ. “ಈ ಸಲ ಸರಿಯಾಗಿ ಬರೀತೀರಾ?” ಎಂದರು. ಬರೆಯುತ್ತೇನೆ ಎಂದೆ. ಹಟ್ಟಿಯ ಮುಂದಿನ ಹೊಂಗೆ ಮರದಡಿ ಕಂಬಳಿ ಹಾಸಿಕೊಟ್ಟರು. ಊರಿನ ಮಕ್ಕಳನ್ನೂ ಅಲ್ಲಿಗೇ ಕರೆತಂದೆವು. ಮೂರು ದಿನ ಕೂತೆವು. ಮೂಗಿನ ಉದ್ದ, ಅಗಲ ಅಳೆದು ಬರೆದೆವು. ಒಳತೋಳಿಗೆ ಕಾರ್ಡು ಹಿಡಿದೆವು. ನಾನು ಮರದ ಈ ಕಡೆ, ಸಹಪರೀಕ್ಷಕರು ಆ ಕಡೆ. ಸಂಜೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಇಬ್ಬರದೂ ಹೆಚ್ಚುಕಡಿಮೆ ಹೊಂದುತ್ತಿತ್ತು. ಅಕ್ಕ ತಂಗಿ ಒಂದೇ ಗುಂಪಿಗೆ ಬಂದರು. ಮೊದಲ ದಿನ ಸಂಜೆ ಬಸ್ಸಿನಲ್ಲಿ ನಾನು ನೆಮ್ಮದಿಯಾಗಿ ಕಣ್ಣು ಮುಚ್ಚಿದೆ.

ಎರಡನೇ ದಿನ ಮಧ್ಯಾಹ್ನ ದೊಡ್ಡ ಹುಡುಗಿ ನನ್ನ ಹತ್ತಿರ ಬಂದು ನಿಂತಳು. ಆವತ್ತಿನವರೆಗೆ ಅವಳು ನನ್ನ ಜೊತೆ ತಾನಾಗಿ ಮಾತಾಡಿರಲಿಲ್ಲ.

“ನಿಮ್ಗೆ ಅಳತೆ ಇಲ್ವಾ ಮಿಸ್?”

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕು ತೋಳು ಸರಿಸಿದೆ. ಸಹಪರೀಕ್ಷಕರು ಕಾರ್ಡು ಹಿಡಿದು, ಮೂಗು ಅಳೆದು, ಕೂಡಿಸಿದರು. ಮತ್ತೊಮ್ಮೆ ಅಳೆದರು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮೂರು.

ಮರುದಿನ ಭಾನುವಾರ. ತಿಪಟೂರಿನ ಮನೆಯಲ್ಲಿ ಅಡುಗೆಮನೆಗೇ ಹೋಗಿ ಅಮ್ಮ, ಅಣ್ಣ, ಚಿಕ್ಕಮ್ಮ ಮೂವರನ್ನೂ ಅಳೆದೆ. “ನನ್ನ ಮೂಗಿಗೇನು ಬಂದಿದ್ಯೇ? ದೋಸೆ ಸೀದು ಹೋಗ್ತಿದೆ ಬಿಡು” ಎಂದು ಅಮ್ಮ ಕೊಸರಾಡಿದರು. ಅಮ್ಮ ಒಂದನೇ ಗುಂಪು, ಚಿಕ್ಕಮ್ಮ ಎರಡು, ಅಣ್ಣ ಮೂರು. ಅಮ್ಮ ಮತ್ತು ಚಿಕ್ಕಮ್ಮ ಒಡಹುಟ್ಟಿದವರು. ತಲೆಮಾರುಗಳಿಂದ ನಂಟಸ್ತನವನ್ನು ಹತ್ತು ಹಳ್ಳಿ ದಾಟಿಸದ ಶೈವ ಮನೆತನ ನಮ್ಮದು. ಒಂದೇ ಒಲೆಯ ಮುಂದೆ ಮೂರು ಜನಾಂಗ ನಿಂತಿತ್ತು. ಅತ್ತ, ನನ್ನ ಕುಟುಂಬದ ಜೊತೆ ಎಂದೂ ಕೊಟ್ಟು ತಂದು ಮಾಡದ ಹಟ್ಟಿಯ ಮಕ್ಕಳಲ್ಲಿ ಅರ್ಧದಷ್ಟು ನನ್ನ ಗುಂಪಿನವರು.

ಪಾಠ ಹೇಳುವಾಗ ನಾನೇ ಎಷ್ಟೋ ಸಲ ಹೇಳಿದ್ದ ಮಾತು ಅಂದು ನನಗೆ ಅರ್ಥವಾಯಿತು. ಇಬ್ಬರು ಅಳೆದಾಗಲೂ ಒಂದೇ ಉತ್ತರ ಬಂದರೆ ಆ ಅಳತೆ ನಂಬಬಹುದಾದದ್ದು. ಆದರೆ ಯಾವುದರ ಹೆಸರು ಹೇಳಿ ಅಳೆಯುತ್ತಿದ್ದೇವೋ ಅದನ್ನೇ ಅಳೆಯುತ್ತಿದ್ದೇವೆ ಎಂಬ ಖಾತ್ರಿ ಅದರಿಂದ ಸಿಗುವುದಿಲ್ಲ. ನಾವು ಮೂಗನ್ನು ಸರಿಯಾಗಿ ಅಳೆದಿದ್ದೆವು. ಅದು ಮೂಗು, ಅಷ್ಟೇ. ಒಂದು ಎಲ್ಲಿ ಮುಗಿದು ಎರಡು ಎಲ್ಲಿ ಶುರುವಾಗಬೇಕು ಎಂದು ಗೆರೆ ಎಳೆದವರು ಯಾರು, ಯಾವ ಆಧಾರದ ಮೇಲೆ ಎಂದು ಸೂಚನೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ಎಲ್ಲೂ ಇರಲಿಲ್ಲ.

ಸೋಮವಾರ, ಮೂರನೇ ದಿನ, ನಾನು ಒಂಬತ್ತನೇ ಕಾಲಮ್ಮಿನ ಸೂಚನೆಯನ್ನು ಮೀರಿದೆ. ಕೇಳಿದೆ. ಕೆಲಸ ಮುಗಿಸಿ ಮಜ್ಜಿಗೆ ಕುಡಿಯುತ್ತ, ಆ ತಾಯಿಯನ್ನು, “ಅಕ್ಕಾ, ನೀವು ಯಾರು ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀರಿ?” ಎಂದೆ.

“ಯಾರು ಕೇಳ್ತಾವ್ರೆ ಅಂತ ನೋಡ್ಬೇಕು ಕಣವ್ವ. ಸರ್ಟಿಫಿಕೇಟಿಗೆ ಅಂದ್ರೆ ಒಂದು ಹೆಸ್ರು. ಹೆಣ್ಣು ಕೇಳಕ್ಕೆ ಬಂದೋರಾದ್ರೆ ಯಾವ ದೇವ್ರ ಒಕ್ಕಲು ಅಂತ ಹೇಳ್ತೀವಿ. ಅದನ್ನ ಹೇಳ್ದಿದ್ರೆ ಮಾತೇ ಮುಂದಕ್ಕೆ ಹೋಗಲ್ಲ. ತಿಪಟೂರ್ ಸಂತೇಲಿ ಕೇಳಿದ್ರೆ ಹುಳಿಯಾರ್ ಕಡೆಯೋರು ಅಂತೀವಿ, ಅಷ್ಟೇಯ.”

“ಇದ್ರಲ್ಲಿ ನಾನು ಯಾವ್ದನ್ನ ಬರ್ಕೊಳ್ಲಿ?”

“ಎಲ್ಲಾ ನಿಜನೇ. ನಿಮ್ಗೆ ಯಾತಕ್ಕೆ ಬೇಕು ಅದನ್ನ ಮೊದ್ಲು ಹೇಳಿ.”

ಪೆನ್ನಿಗೆ ಮುಚ್ಚಳ ಹಾಕಿ ಚೀಲದಲ್ಲಿಟ್ಟುಕೊಂಡೆ.

ಮರದ ತುಂಡುಗಳನ್ನೂ ಆ ಮೂರು ದಿನ ಕಂಬಳಿಯ ಮೇಲೆ ಸುರಿದಿದ್ದೆ. ಮೊದಲು ಆಡಲು ಬಿಟ್ಟು, ಆಮೇಲೆ ಸ್ಟಾಪ್‌ವಾಚ್ ಹಿಡಿದು ಮತ್ತೊಂದು ಬಗೆಯ ಚಿತ್ರಗಳನ್ನು ಕೊಟ್ಟೆ. ಹಟ್ಟಿಯ ಕೆಲವು ಮಕ್ಕಳ ಅಂಕ ಚೆನ್ನಾಗಿಯೇ ಏರಿತು. ಕೆಲವರದು ಹಾಗೇ ಉಳಿಯಿತು. ಊರಿನ ಇಬ್ಬರು ಮಕ್ಕಳದು ಇಳಿಯಿತು. ಅದಕ್ಕೆ ಕಾರಣ ಇದೇ ಎಂದು ಒಂದೇ ಮಾತಿನಲ್ಲಿ ಹೇಳುವ ಧೈರ್ಯ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಅರ್ಜಿ ತಲುಪಿಸಲು ಇನ್ನು ನಾಲ್ಕು ದಿನ ಉಳಿದಿತ್ತು. ಹೆಡ್‌ಮೇಷ್ಟ್ರ ಹತ್ತಿರ ಹೋಗಿ ನನ್ನ ಪಟ್ಟಿ ತಪ್ಪು, ಅದನ್ನು ನೋಡಿ ಯಾರನ್ನೂ ಬಿಡಬೇಡಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬಾಯಲ್ಲಿ ಹೇಳಿದ್ರೆ ಆಗಲ್ಲ ಮೇಡಂ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಏನು ತೋರಿಸ್ಲಿ? ಬರ್ದಿದ್ದನ್ನ ಬರ್ದೇ ತೆಗೀಬೇಕು. ನಿಮ್ಮ ಪ್ರೊಫೆಸರ್ ಹತ್ರ ಒಂದು ಕಾಗದ ತನ್ನಿ.”

ಮಾರ್ಗದರ್ಶಕರು ಅಂಥ ಕಾಗದ ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೇಳಿ, ಬೇಡ ಎನ್ನಿಸಿಕೊಂಡ ಮೇಲೆ ಬರೆದರೆ ಅದು ಅವಿಧೇಯತೆ. ಕೇಳದೆ ಬರೆದರೆ ಮೋಸ ಎಂದುಕೊಂಡಾರು. ಅರ್ಧ ಗಂಟೆ ಶಾಲೆಯ ಜಗಲಿಯ ಮೇಲೆ ಕೂತಿದ್ದೆ. ಬಿಸಿಲಿಗೆ ಕಾದ ಧ್ವಜದ ಕಂಬ, ಒಳಗಿನಿಂದ ಮಗ್ಗಿ ಹೇಳುವ ದನಿ. ಸಹಪರೀಕ್ಷಕರು ಪಕ್ಕದಲ್ಲಿ ಕೂತು, “ಯೋಚನೆ ಮಾಡ್ರೀ. ಒಂದು ವರ್ಷದ ಕೆಲಸ” ಎಂದರು. ಬರೆಯಬೇಡಿ ಎಂದೇನೂ ಅವರು ಹೇಳಲಿಲ್ಲ.

ಒಳಗೆ ಹೋಗಿ ಬರೆದೆ. ‘ನಾನು ಕೊಟ್ಟ ಪಟ್ಟಿಯಲ್ಲಿ ಜನಾಂಗ ಎಂದು ನಮೂದಿಸಿದ ಗುಂಪುಗಳು ನನ್ನ ಕಣ್ಣಂದಾಜಿನವು. ಅವುಗಳಿಂದ ಯಾವ ಮಗುವಿನ ಬುದ್ಧಿಶಕ್ತಿಯ ಬಗ್ಗೆಯೂ ತೀರ್ಮಾನಕ್ಕೆ ಬರಲಾಗುವುದಿಲ್ಲ. ಪಟ್ಟಿಯ ಕೊನೆಯ ಸಾಲನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.’ ಸಹಿ ಹಾಕಿದೆ.

ಹೆಡ್‌ಮೇಷ್ಟ್ರು ಎರಡು ಸಲ ಓದಿದರು. ಫೈಲಿಗೆ ಹಾಕಿದರು. ಆಮೇಲೆ ನಾನು ಎಣಿಸದ ಕೆಲಸ ಮಾಡಿದರು. ತಮ್ಮ ಮೊಪೆಡ್ ಹತ್ತಿ ಚಿಕ್ಕನಾಯಕನಹಳ್ಳಿಯ ಶಿಕ್ಷಣ ಕಚೇರಿಗೆ ಹೋಗಿ, ಅರ್ಜಿಯ ಜೆರಾಕ್ಸ್ ಪ್ರತಿಯೂ ನಡೆಯುತ್ತದೆ ಎಂದು ಒಪ್ಪಿಸಿಕೊಂಡು, ತರಗತಿಯ ಎಲ್ಲ ಮಕ್ಕಳಿಗೂ ಒಂದೊಂದು ತಂದರು. ಅದೇ ಫೈಲಿನಿಂದ ನನ್ನ ಕಾಗದದ ಒಂದು ಪ್ರತಿಯನ್ನು ನಿಯಮದ ಪ್ರಕಾರ ಮಾರ್ಗದರ್ಶಕರಿಗೂ ಕಳಿಸಿದರು.

ಮುಂದಿನ ವಾರ ಮಾರ್ಗದರ್ಶಕರ ಮುಂದೆ ನಿಂತೆ. ಕಾಗದ ಅವರ ಮೇಜಿನ ಮೇಲಿತ್ತು.

“ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

“ಅನ್ನಿಸ್ತು ಸಾರ್. ಕೇಳಿದ್ರೆ ಬೇಡ ಅಂತೀರಿ ಅಂತ ಭಯ ಆಯ್ತು. ಅದು ನನ್ನ ತಪ್ಪು.”

ನಾನು ಹೊಸ ಹಾಳೆಗಳನ್ನು ಮುಂದಿಟ್ಟೆ. ನಮ್ಮ ಮನೆಯವರ ಅಳತೆಯನ್ನೂ ಇಟ್ಟೆ. ಅವರು ಪ್ರತಿಯೊಂದನ್ನೂ ನೋಡಿದರು. ಅವರು ದಡ್ಡರಲ್ಲ. ಎಲ್ಲ ಅರ್ಥವಾಯಿತು ಎಂದು ಅವರ ಮುಖದಲ್ಲೇ ಕಂಡಿತು.

“ರೇಸ್ ಅನ್ನೋ ಮಾತು ಈಗ ಹೊರಗಡೆ ಯಾರೂ ಅಷ್ಟು ಸುಲಭವಾಗಿ ಒಪ್ಪಲ್ಲ, ನನಗೂ ಗೊತ್ತು” ಎಂದರು ಕೊನೆಗೆ. “ಒಂದು ಕೆಲಸ ಮಾಡಿ. ಎತ್ನಿಸಿಟಿ ಅಂತ ಹಾಕಿ. ಕನ್ನಡದಲ್ಲಿ ಜನವರ್ಗ ಅನ್ನಿ. ಕೋಷ್ಟಕ ಹಾಗೇ ಇರಲಿ, ಮೇಲಿನ ಹೆಸರು ಮಾತ್ರ ಬದಲಾಯಿಸಿ. ಮುಂದಿನ ವರ್ಷ ಪ್ರಬಂಧ ಕೊಡಬಹುದು.”

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಒಂದೇ ಪದ ಅದು. ಹೊಡೆದುಹಾಕಿ ಇನ್ನೊಂದು ಬರೆದರೆ ಮನೆಯಲ್ಲಿ, ಕಾಲೇಜಿನಲ್ಲಿ, ಎಲ್ಲರ ಮುಂದೆ ತಲೆ ಎತ್ತಿ ನಡೆಯಬಹುದು. ಆದರೆ ಆ ಪದದ ಅರ್ಥವನ್ನು ಹೊಂಗೆ ಮರದಡಿ ಕೇಳಿ ಬಂದಿದ್ದೆ.

“ಸಾರ್, ಎತ್ನಿಸಿಟಿ ಅಂದ್ರೆ ಅವರು ತಮ್ಮನ್ನ ಯಾರು ಅಂದ್ಕೋತಾರೆ ಅನ್ನೋದಲ್ವಾ? ಯಾವ ದೇವರು, ಯಾವ ಮಾತು, ಯಾರ ಜೊತೆ ನಂಟು, ಹೊರಗಿನವರು ಏನಂತ ಕರೀತಾರೆ, ಅದನ್ನ ಅವರು ಒಪ್ತಾರಾ ಇಲ್ವಾ. ನಾವು ಅದ್ಯಾವುದನ್ನೂ ಕೇಳಿಲ್ಲ. ಮೂಗು ಅಳೆದು ಅದನ್ನ ಜನವರ್ಗ ಅಂತ ಹೇಗೆ ಬರೀಲಿ?”

“ಹಾಗಾದ್ರೆ ನಿಮ್ಮ ಪ್ರಬಂಧದಲ್ಲಿ ಏನು ಉಳೀತು?”

“ಗೊತ್ತಿಲ್ಲ ಸಾರ್.”

ಅವರು ಗದರಲಿಲ್ಲ. ನನ್ನ ಹಾಳೆಗಳನ್ನು ಒಟ್ಟು ಮಾಡಿ, ಅಂಚು ಸಮ ಮಾಡಿ, ನನ್ನ ಕೈಗೆ ಕೊಟ್ಟರು. ಆ ತಿಂಗಳ ಕೊನೆಗೆ ಯೋಜನೆಯಿಂದ ನನ್ನ ಹೆಸರು ಹೋಯಿತು. ಸಹಪರೀಕ್ಷಕರು ಮುಂದುವರಿದರು. ಅವರಿಗೆ ಸಂಸಾರವಿತ್ತು, ನನಗೆ ಅವರ ಮೇಲೆ ಬೇಸರವಿಲ್ಲ. ಬೇರೆ ಮಾರ್ಗದರ್ಶಕರು ಸಿಕ್ಕಿ ಮತ್ತೆ ನೋಂದಾಯಿಸಿಕೊಳ್ಳುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಆ ಅಕ್ಕ ತಂಗಿ ಇಬ್ಬರೂ ಪ್ರವೇಶ ಪರೀಕ್ಷೆ ಬರೆದರು. ಇಬ್ಬರಿಗೂ ಸೀಟು ಸಿಗಲಿಲ್ಲ. ಅದೇ ಶಾಲೆಯಲ್ಲಿ ಏಳನೆಯವರೆಗೆ ಓದಿ ಹುಳಿಯಾರಿನ ಹೈಸ್ಕೂಲಿಗೆ ಸೇರಿದರೆಂದು ಹೆಡ್‌ಮೇಷ್ಟ್ರು ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ನನ್ನ ಕಾಗದದಿಂದ ಆ ಹುಡುಗಿಗೆ ಸಿಕ್ಕಿದ್ದು ಎಲ್ಲರ ಜೊತೆ ಕೂತು ಬರೆದು ಫೇಲಾಗುವ ಅವಕಾಶ. ಅದು ಸಣ್ಣದೋ ದೊಡ್ಡದೋ ನನಗೆ ಈಗಲೂ ತಿಳಿಯದು. ಅದನ್ನು ಕಿತ್ತುಕೊಂಡಿದ್ದವಳು ನಾನು ಎಂಬುದು ಮಾತ್ರ ಗೊತ್ತು.

ಹೊಸ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಹಳೆಯ ಒಂಬತ್ತನೇ ಕಾಲಮ್ಮನ್ನೇ. ಮಕ್ಕಳ ಬುದ್ಧಿಶಕ್ತಿಯನ್ನು ಬಿಟ್ಟು, ಪರೀಕ್ಷಕರನ್ನು ಅಭ್ಯಾಸ ಮಾಡಿದೆ. ಒಂದೇ ಕುಟುಂಬವನ್ನು ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ ನೋಡಿ ಯಾವ ಗುಂಪಿಗೆ ಹಾಕುತ್ತಾರೆ, ಯಾಕೆ ಹಾಕುತ್ತಾರೆ. ಅದೇ ಕುಟುಂಬದವರು ತಮ್ಮನ್ನು ಏನೆಂದು ಹೇಳಿಕೊಳ್ಳುತ್ತಾರೆ, ಕೇಳುವವರು ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ. ಅಮ್ಮಸಂದ್ರದ ಕಡೆಯ ವಠಾರಗಳಿಂದ ಕೆಂಕೆರೆಯವರೆಗೆ ಮನೆಮನೆ ತಿರುಗಿದೆ. ಎಲ್ಲ ಕಡೆಯೂ ಮೊದಲು ನನಗೆ ಇದು ಯಾತಕ್ಕೆ ಬೇಕು ಎಂದು ಹೇಳಿ, ಆಮೇಲೆ ಕೇಳುವುದನ್ನು ರೂಢಿ ಮಾಡಿಕೊಂಡೆ. ಆ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಅಕ್ಕ ತಂಗಿಯರ ಪ್ರಸಂಗವನ್ನು ಹೆಸರಿಲ್ಲದೆ ಬರೆದೆ. ಅದರಲ್ಲಿ ನಾನು ‘ಪರೀಕ್ಷಕಿ ಒಂದು’.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಸೌಮ್ಯ ಸ್ವಭಾವದವರು. ಜನಾಂಗ ಎಂಬುದನ್ನು ನೀವು ಹೇಗೆ ವ್ಯಾಖ್ಯಾನಿಸುತ್ತೀರಿ ಎಂದು ಕೇಳಿದರು. ನೋಡುವವರು ದೇಹದ ಕೆಲವು ಗುರುತುಗಳನ್ನು ಆರಿಸಿಕೊಂಡು ಜನರ ನಡುವೆ ಎಳೆದ ಗೆರೆ ಅದು, ಅದರ ಪರಿಣಾಮಗಳು ನಿಜ, ಆದ್ದರಿಂದ ಮನಶ್ಶಾಸ್ತ್ರ ಅಭ್ಯಾಸ ಮಾಡಬೇಕಾದದ್ದು ಗೆರೆ ಎಳೆಯುವವರ ಮನಸ್ಸನ್ನೂ ಗೆರೆಯ ಒಳಗೆ ಸಿಕ್ಕಿದವರ ಅನುಭವವನ್ನೂ ಎಂದೆ. ಜನವರ್ಗ ಎಂದರೆ ಜನ ತಮಗೆ ತಾವು ಹೇಳಿಕೊಳ್ಳುವ, ಬೇರೆಯವರ ಜೊತೆ ಮಾತಾಡುತ್ತ ಬದಲಿಸಿಕೊಳ್ಳುವ ಗುರುತು, ಅದನ್ನು ಕೇಳದೆ ತಿಳಿಯಲಾಗುವುದಿಲ್ಲ ಎಂದೆ. ಅವರು ತಲೆಯಾಡಿಸಿ ಗುರುತು ಹಾಕಿಕೊಂಡರು. ಪುಟ ತಿರುಗಿಸುತ್ತ ಎರಡನೇ ಅಧ್ಯಾಯಕ್ಕೆ ಬಂದು ನಿಂತರು.

“ಈ ಪರೀಕ್ಷಕಿ ಒಂದು,” ಎಂದರು, “ಒಂದೇ ಮನೆಯ ಹುಡುಗೀರನ್ನ ಬೇರೆ ಮಾಡಿದ್ದಾರಲ್ಲ, ಇವರಿಗೆ ಸರಿಯಾದ ತರಬೇತಿ ಇರಲಿಲ್ಲ ಅಂತ ಕಾಣುತ್ತೆ.”

ಕೋಣೆಯಲ್ಲಿ ಐದಾರು ಜನರಿದ್ದರು. ಹೌದು ಸಾರ್ ಎಂದಿದ್ದರೆ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು.

“ತರಬೇತಿ ಇತ್ತು ಸಾರ್,” ಎಂದೆ. “ತರಬೇತಿ ಚೆನ್ನಾಗೇ ಇತ್ತು. ಆ ಪರೀಕ್ಷಕಿ ನಾನೇ.”